ಬರಿಗಾಲಯ್ಯ ಹೊರಟ ದಿನ

ಅರಮನೆ, ದಾದಿಯ ಕೋಣೆ
ಮಾರ್ಚ್ ಹದಿನೇಳು, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬಯ್ಯು, ಆದರೆ ಇದನ್ನು ಓದಿ ಮುಗಿಸಿದ ಮೇಲೆ ಬಯ್ಯು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಮೊದಲು ಸುದ್ದಿ ಹೇಳಿಬಿಡುತ್ತೇನೆ: ಮಹಾರಾಜರು ನಿನ್ನನ್ನು ಮತ್ತೆ ಅರಮನೆಯ ವೈದ್ಯನಾಗಿ ಕರೆಸಿದ್ದಾರೆ! ಗುರುವಾರ ಗಾಡಿ ಬರುತ್ತದೆ.

ನಿನ್ನನ್ನು ಅರಮನೆಯಿಂದ ಹೊರಗೆ ಕಳಿಸಿದ ಮೇಲೆ ಈ ಏಳು ತಿಂಗಳೂ ಇಲ್ಲಿ ಆ ಸನ್ಯಾಸಿ ಬರಿಗಾಲಯ್ಯ ಹೇಳಿದ್ದೇ ಶಾಸನವಾಗಿತ್ತು. ಯುವರಾಜನಿಗೆ ಉಬ್ಬಸ ಬಂದಾಗ ಆತ ಎದೆಯ ಮೇಲೆ ಕೈಯಿಟ್ಟು ಕೂರುತ್ತಿದ್ದ. ಒಂದೆರಡು ಸಲ ತಾನಾಗಿ ಇಳಿಯಿತು ನೋಡು, ಅಷ್ಟೇ ಸಾಕಾಯಿತು. ಮಹಾರಾಣಿಯವರು ಅವನನ್ನು ಕೇಳದೆ ಒಂದು ಕಿಟಕಿಯನ್ನೂ ತೆರೆಸುತ್ತಿರಲಿಲ್ಲ. ಹಳೆಯ ಮಂತ್ರಿಗಳ ದೃಷ್ಟಿ ಸರಿಯಿಲ್ಲವೆಂದ. ಅವರು ಮನೆ ಸೇರಿದರು. ಆಸ್ಥಾನದವರೆಲ್ಲ ಅವನಂತೆಯೇ ಚಪ್ಪಲಿ ಬಿಟ್ಟು, ಬಿಸಿಲಿಗೆ ಕಾಲು ಸುಟ್ಟುಕೊಂಡು ಓಡಾಡಿದರು. ಕೊನೆಗೆ ಹೊಳೆಯಾಚೆಯ ರಾಜ್ಯದ ಮೇಲೆ ದಂಡು ಕಳಿಸುವ ದಿನವನ್ನೂ ಅವನೇ ಗೊತ್ತುಮಾಡಿದ.

ಆ ಆಜ್ಞೆಗೆ ಇವತ್ತು ಬೆಳಿಗ್ಗೆ ಸಭೆಯಲ್ಲಿ ಮೊಹರು ಬೀಳಬೇಕಿತ್ತು. ಪುಟ್ಟ ಯುವರಾಜನ ಕೈಯಿಂದಲೇ ಒತ್ತಿಸಬೇಕೆಂದು ಬರಿಗಾಲಯ್ಯನ ಹಟ. ಕರಗಿದ ಅರಗಿನ ಹೊಗೆ ಮೂಗಿಗೆ ಹೋದದ್ದೇ ತಡ, ಮಗುವಿಗೆ ಉಸಿರು ಕಟ್ಟಿತು. ಬರಿಗಾಲಯ್ಯ ಎದೆಯ ಮೇಲೆ ಕೈಯಿಟ್ಟ. ಇಳಿಯಲಿಲ್ಲ. ತುಟಿ ನೀಲಿಯಾಯಿತು.

"ಯಾರೂ ಮುಟ್ಬೇಡಿ, ಇಳಿಯುತ್ತೆ," ಎಂದ.

ನಾನು ಓಡಿದೆ ಅಣ್ಣ! ಈ ದಪ್ಪ ಮೈ ಹೊತ್ತುಕೊಂಡು ಎರಡೆರಡು ಮೆಟ್ಟಿಲು ಹಾರಿ, ನನ್ನ ಪೆಟ್ಟಿಗೆಯ ತಳದಲ್ಲಿದ್ದ ನಿನ್ನ ಔಷಧಿಯ ಶೀಸೆ ಹಿಡಿದು ಬಂದೆ. ಅವನು ಅಡ್ಡ ನಿಂತ. "ಆ ವೈದ್ಯನ ವಿಷ ಇದು!"

ಏಳು ತಿಂಗಳು ಅವನ ಮುಂದೆ ತಲೆಯೆತ್ತದ ಮಹಾರಾಣಿಯವರು ಎದ್ದು ಬಂದರು. "ಪಕ್ಕಕ್ಕೆ ಸರೀರಿ. ಅವನು ನನ್ನ ಮಗ."

ಕಿಟಕಿಗಳನ್ನೆಲ್ಲ ತಾವೇ ತೆರೆದರು. ನೀನು ಹೇಳಿಕೊಟ್ಟಂತೆ ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬಿಸಿನೀರಿಗೆ ಹತ್ತು ಹನಿ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆ. ಎಷ್ಟೋ ಹೊತ್ತಿನ ಮೇಲೆ ಅವನು ಉದ್ದಕ್ಕೆ ಉಸಿರೆಳೆದು, ಮುಖ ಕಿವುಚಿ, "ದಾದಿ, ಕಹಿ!" ಎಂದ. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ.

"ಯಾರ ಔಷಧಿ?" ಎಂದರು ಮಹಾರಾಜರು.

"ನಮ್ಮಣ್ಣಂದು, ಪ್ರಭು."

ಅವರು ಆ ಆಜ್ಞೆಯನ್ನು ಹರಿದು ಹಾಕಿದರು. ದಂಡಿಲ್ಲ, ಯುದ್ಧವಿಲ್ಲ! ಬರಿಗಾಲಯ್ಯ ಸಂಜೆಯೊಳಗೆ ಗಡಿ ದಾಟಬೇಕು. ಅಂಗಳದಲ್ಲಿ ಸಿಪಾಯಿಗಳು ಒಬ್ಬರನ್ನೊಬ್ಬರು ಎತ್ತಿ ಕುಣಿಯುತ್ತಿದ್ದಾರೆ. ಚಪ್ಪಲಿ ಹೊಲಿಯುವ ತಾತನ ಮುಂದೆ ಆಗಲೇ ಸಾಲು. "ಎಲ್ರಿಗೂ ಇವತ್ತೇ ಬೇಕಂತೆ ಕಣಮ್ಮ, ನನಗೇನು ಹತ್ತು ಕೈ ಇದ್ಯಾ?" ಎಂದು ಗೊಣಗುತ್ತಾ ನಗುತ್ತಿದ್ದ.

ಬೇಗ ಬಾ. ಅತ್ತಿಗೆಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ವರ್ಷ ಸುಖವಾಗಿ ಬಾಳಲಿ.

ನಿನ್ನ ತಂಗಿ

ತಾ. ಕ.: ಮಗು ದೊಡ್ಡವನಾಗುವುದು ಅನುಮಾನ ಎಂದು ನೀನು ನನ್ನೊಬ್ಬಳ ಹತ್ತಿರ ಹೇಳಿದ್ದೆ. ನೀನು ಹಾಗೆಂದದ್ದನ್ನೇ ಬರಿಗಾಲಯ್ಯ ತಾನು ದಿವ್ಯದೃಷ್ಟಿಯಲ್ಲಿ ಕಂಡೆನೆಂದು ಮಹಾರಾಣಿಯವರಿಗೆ ಹೇಳಿ ನಿನ್ನನ್ನು ಓಡಿಸಿದ್ದು. ಅವನಿಗೆ ಹೇಳಿದವಳು ನಾನು. ತೀರಿಹೋದ ನನ್ನ ಮಗಳು ತನ್ನ ಹತ್ತಿರ ಮಾತಾಡುತ್ತಾಳೆ ಎಂದಿದ್ದ. ಅರಮನೆಯ ಒಂದು ಗುಟ್ಟು ಕೊಟ್ಟರೆ ಅವಳ ಒಂದು ಮಾತು ಸಿಗುತ್ತಿತ್ತು. ಎಲ್ಲ ಸುಳ್ಳೆಂದು ಈಗ ಗೊತ್ತು. ಗುರುವಾರ ನೀನು ನನ್ನ ಮುಖ ನೋಡದಿದ್ದರೂ ನ್ಯಾಯವೇ. ಆದರೂ ಅಣ್ಣ, ಅವನು ಹೆಬ್ಬಾಗಿಲು ದಾಟುವ ಮೊದಲು ಓಡಿಹೋಗಿ, "ಇವತ್ತು ಅವಳು ಏನಂದ್ಲು?" ಎಂದು ಕೇಳಿಬಿಡೋಣ ಅನಿಸುತ್ತಿದೆ. ಒಳಗಿನಿಂದ ಅಗುಳಿ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ.