ಜೊಂಡಿನೊಳಗಿನ ಸಣ್ಣ ದನಿ

ಏಪ್ರಿಲ್ ೧೧, ಗುರುವಾರ

ಕೆರೆಯ ಹಕ್ಕಿಗಳ ವರದಿಯನ್ನು ಕಳಿಸದೆ ಇದ್ದದ್ದೇ ಒಳ್ಳೆಯದಾಯಿತು. ವಾರದಿಂದ ಅದೇ ತಲೆ ತಿನ್ನುತ್ತಿತ್ತು.

ಕೆರೆಯ ಜೊಂಡಿನಲ್ಲಿ ಎರಡು ಜಾತಿಯ ಉಲಿಯಕ್ಕಿಗಳು. ನೋಡಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಗುರುತು ಸಿಗುವುದು ಹಾಡಿನಿಂದ ಮಾತ್ರ. ದಪ್ಪ ದನಿಯದು ಎಲ್ಲೆಲ್ಲೂ ಇದೆ, ಅದರ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಸಣ್ಣ ದನಿಯದು ಅಳಿವಿನಂಚಿನಲ್ಲಿದೆ. ಕೆರೆ ಮುಚ್ಚಲು ಕಾದಿರುವವರನ್ನು ತಡೆದಿರುವುದೂ ಅದೊಂದೇ. ಮೂರು ವರ್ಷದಿಂದ ಅದರ ಹಾಡು ನನ್ನ ಕಿವಿಗೆ ಬಿದ್ದಿಲ್ಲ. ಆದರೂ ‘ಇಲ್ಲಿಂದ ಕಣ್ಮರೆ’ ಎಂದು ಬರೆಯಲು ಕೈ ಬರುತ್ತಿರಲಿಲ್ಲ.

ಬೆಳಿಗ್ಗೆ ಇವಳೂ ಜೊತೆಗೆ ಬಂದಳು, ಮಂಡಿನೋವಿಗೆ ನಡೆಯಬೇಕಂತೆ.

“ರೀ, ಅದೇನದು, ಸೂಜಿ ಥರ ಸಣ್ಣಗೆ ಕೂಗ್ತಿರೋದು?”

“ಎಲ್ಲಿ? ಏನೂ ಇಲ್ವಲ್ಲ.”

ಅವಳು ತೋರಿಸಿದ ಕಡೆ ದುರ್ಬೀನು ಹಿಡಿದೆ. ಹಕ್ಕಿಯ ಕೊಕ್ಕು ತೆರೆದಿತ್ತು, ಗಂಟಲು ಅದುರುತ್ತಿತ್ತು. ನನಗೆ ಮಾತ್ರ ಸದ್ದೇ ಇಲ್ಲ. ಆಚೆ ದಡದಲ್ಲೂ ಇನ್ನೊಂದಿದೆ ಎಂದಳು.

“ಕಾಲಿಂಗ್ ಬೆಲ್ ಕೇಳ್ದಿದ್ರೆ ಬೆಲ್ಲೇ ಕೆಟ್ಟಿದೆ ಅಂತೀರಿ. ಹಕ್ಕಿಗೂ ಹಾಗೇ ಅಂದ್ರಾ?”

ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ. ಇವತ್ತು ಮನೆಯವರೆಗೂ ನಗು ತಡೆಯಲಾಗಲಿಲ್ಲ. ಹೋಗಿರುವುದು ಹಕ್ಕಿಯಲ್ಲ, ನನ್ನ ಕಿವಿ. ಸದ್ಯ, ಬರೀ ಕಿವಿ. ಆ ಹಾಡು ಇನ್ನು ನನ್ನ ಪಾಲಿಗಿಲ್ಲ ಎಂಬುದು ಸ್ವಲ್ಪ ಚುಚ್ಚುತ್ತದೆ, ಆದರೆ ಜೊಂಡಿನಲ್ಲಿ ಅದು ನಡೆಯುತ್ತಿದೆಯಲ್ಲ, ಅಷ್ಟು ಸಾಕು.

ನಾಳೆ ವರದಿಯಲ್ಲಿ ‘ಇದೆ’ ಎಂದು ಬರೆದು, ಕೇಳಿಸಿಕೊಂಡವರು ಎಂಬಲ್ಲಿ ಇವಳ ಹೆಸರು ಹಾಕುತ್ತೇನೆ. ಒಳಗಿಂದ ಕರೆಯುತ್ತಿದ್ದಾಳೆ ಅನಿಸುತ್ತದೆ. ಇಲ್ಲವೇನೋ. ಯಾವುದಕ್ಕೂ ಎದ್ದು ಹೋಗಿ ನೋಡುತ್ತೇನೆ.