ಸೋಲಾರ್ ಎತ್ತ ಮುಖ ಮಾಡಬೇಕು

ಏನ್ರೀ,

ಕಂಪ್ಲಿಗೆ ಹೊಂಟೀನಿ, ಸಂಜಿಗೆ ಬರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಯ ಬಿಸಿ ಮಾಡ್ಕೋರಿ.

ಸೋಲಾರ್‌ನವರು ಮಧ್ಯಾಹ್ನ ಬರ್ತಾರ. ಇದ್ದ ಕರೆಂಟೇ ಸಾಕೋ, ಸೋಲಾರ್ ಹಾಕಿಸೋದೋ ಅಂತ ತಿಂಗಳಿಂದ ಲೆಕ್ಕ ಹಾಕಾಕತ್ತೀರಿ. ನಮ್ಮ ಮೀಟರ್ ಎಷ್ಟು ಓಡ್ತೈತಿ ಅಂತ ನಿಮಗ ಗೊತ್ತಿಲ್ಲ, ಸೋಲಾರ್ ಹಾಕಿಸಿರೋ ಹಿಂದಿನ ಮನಿ ಶಾಂಭವಿ ಬಿಲ್ಲು ಮಾತ್ರ ಬಾಯಿಪಾಠ! ಸೋಲಾರ್ ನೋಡಾಕ ಅಂತ ಆಕಿ ಮಾಳಿಗಿ ಮೂರು ಸಲ ಹತ್ತಿದ್ರಿ. ನಮ್ಮ ನೀರಿನ ಟಾಕಿ ತೊಳೀರಿ ಅಂದ್ರ ಮೊಣಕಾಲು ನೋವು.

ಹಾಕಿಸ್ರಿ, ನಾ ಬ್ಯಾಡ ಅನ್ನಲ್ಲ. ವಾರಕ್ಕೊಮ್ಮೆ ಧೂಳು ಒರೆಸಾಕ ಮಾತ್ರ ನಾನೇ ಮ್ಯಾಲೆ ಹತ್ತತೀನಿ.

ಸೋಲಾರ್ ದಕ್ಷಿಣಕ್ಕ ಮುಖ ಮಾಡಬೇಕಂತ, ಅಂದ್ರ ಆಕಿ ಮಾಳಿಗಿ ಕಡೇಕ. ಅದು ಮಾಡ್ಲಿ. ನೀವು ಉತ್ತರಕ್ಕ ಮಾಡ್ರಿ.

ಗಂಗಾಂಬಿಕಾ