ಗುರಿ ತಪ್ಪಿದ ಹನಿ

ಫೆಬ್ರವರಿ ೧೨, ಬೆಳಿಗ್ಗೆ

ಅಪ್ಪನ ಸೆಕೆಂಡಿನ ಮುಳ್ಳಿಗೆ,

ಅಮ್ಮನ ಆಶೀರ್ವಾದ. ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಮನ್ನಿಸು. ಈ ಮೊದಲು ಬರೆದ ಒಂದು ಕಾಗದದಲ್ಲಿ ಕೋಪ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಅಕ್ಷರ ಕೆಟ್ಟಿತ್ತು. ಕೋಪವನ್ನಾದರೂ ಸಹಿಸಿಯೇನು, ಕೆಟ್ಟ ಅಕ್ಷರವನ್ನು ಸಹಿಸಲಾರೆ, ಎರಡನ್ನೂ ಹರಿದೆ. ಫೋನಿನಲ್ಲಿ ನೀನು ‘ಊಟ ಆಯ್ತಾ’, ‘ಹುಷಾರು’ ಎಂಬಲ್ಲಿಗೆ ನಿಲ್ಲಿಸುತ್ತೀಯೆ. ಆದ್ದರಿಂದ ಕಾಗದವೇ ಗತಿಯಾಯಿತು.

ಅಪ್ಪನ ಗಡಿಯಾರದ ಅಂಗಡಿಯನ್ನು ಪಕ್ಕದ ಟೈಲರ್ ಬಾಡಿಗೆಗೆ ಕೇಳಿದ್ದಾಳೆ. “ಮೇಜು ಎತ್ತಬೇಡಿ ಟೀಚರ್, ಅಣ್ಣ ಕೂತ ಜಾಗ, ನಾನು ಅಲ್ಲೇ ಗುಂಡಿ ಹೊಲೀತೀನಿ” ಎಂದಳು. ಆಗಲಿ ಎಂದಿದ್ದೇನೆ. ನಿನ್ನ ಅಭ್ಯಂತರವಿದ್ದರೆ ತಿಳಿಸು.

ಕಳೆದ ವಾರ ಅವಳೇ ನನ್ನನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಬಳಿಗೆ ಹೋದಳು. ನನ್ನ ಕಣ್ಣುರಿ ನಿನಗೆ ಗೊತ್ತಿದ್ದದ್ದೇ. ಸೀಮೆಸುಣ್ಣದ ಧೂಳಿನಲ್ಲಿ ಇಷ್ಟು ವರ್ಷ ಕಳೆದವಳಿಗೆ ಅದು ಸಹಜವೆಂದು ನಾವೂ ತಿಳಿದಿದ್ದೆವು. ಈಚೆಗೆ ರೆಪ್ಪೆಯೊಳಗೆ ಮರಳು ಹೊಕ್ಕಂತೆ, ಬೆಳಕು ಸೂಜಿಯಂತೆ. ಡಾಕ್ಟರು ಹುಡುಗಿ, ನನ್ನ ಶಿಷ್ಯೆಯಾಗಬಹುದಾದ ವಯಸ್ಸು.

“ಏನ್ ಟೀಚರ್, ಕಣ್ಣು ಮಿಟುಕಿಸೋದನ್ನೇ ಬಿಟ್ಟಿದ್ದೀರಲ್ಲ?”

“ನಾನು ಕಣ್ಣು ಮಿಟುಕಿಸಿದ್ರೆ ಹಿಂದಿನ ಬೆಂಚು ಎದ್ದು ಕುಣೀತಿತ್ತಮ್ಮ” ಎಂದೆ. ಅವಳು ನಕ್ಕಳು, ಆದರೆ ಬೈಯುವುದನ್ನು ಬಿಡಲಿಲ್ಲ.

ಕಣ್ಣೀರೆಂದರೆ ಬರಿಯ ನೀರಲ್ಲವಂತೆ ಮಗಳೇ. ಕಣ್ಣಿಗೆ ಅಂಟಿಕೊಳ್ಳಲು ಲೋಳೆ, ಅದರ ಮೇಲೆ ನೀರು, ನೀರು ಆರದಂತೆ ಮೇಲೊಂದು ತೆಳುವಾದ ಎಣ್ಣೆ. ಎಣ್ಣೆಯ ಮಾತು ಕೇಳಿದ್ದರೆ ನಿನ್ನ ಅಪ್ಪ ಹಿಗ್ಗುತ್ತಿದ್ದರು. “ನೋಡಿದ್ರಾ ಮೇಷ್ಟ್ರೇ, ನೀವೂ ಒಂದು ಗಡಿಯಾರಾನೇ” ಎಂದು ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದರು.

ಆಮೇಲೆ ಕೆಳರೆಪ್ಪೆಗೆ ಒಂದು ಸಣ್ಣ ಕಾಗದದ ಪಟ್ಟಿಯನ್ನು ಸಿಕ್ಕಿಸಿ, ಕಣ್ಣು ಮುಚ್ಚಿ ಕೂರಲು ಹೇಳಿದಳು. ಅದು ಎಷ್ಟು ನೆನೆಯುತ್ತದೆಂದು ನೋಡುವ ಪರೀಕ್ಷೆ. ಯಾವ ಪರೀಕ್ಷೆಯಲ್ಲೂ ಸೋತವಳಲ್ಲ ನಾನು. ಕೂತಷ್ಟು ಹೊತ್ತೂ ನಿನ್ನ ಅಪ್ಪನನ್ನೇ ನೆನೆದೆ. ಆಸ್ಪತ್ರೆಯ ಮಂಚದ ಕೆಳಗೆ ಅವರ ಚಪ್ಪಲಿಗಳು ಜೋಡಿಸಿಟ್ಟಂತೆಯೇ ಉಳಿದದ್ದನ್ನು, ನರ್ಸು ಬಂದು ಅವರ ವಾಚನ್ನು ನನ್ನ ಕೈಗೆ ಕೊಟ್ಟದ್ದನ್ನು. ಎದೆ ಒಡೆಯುವಂತಾಯಿತು. ಕಾಗದವನ್ನು ತೆಗೆದರೆ ಗರಿಗರಿಯಾಗಿತ್ತು.

“ಬಾಯಿನೂ ಒಣಗುತ್ತಾ? ಬೆರಳ ಗಂಟು ನೋಯುತ್ತಾ?” ಎಂದು ಕೇಳಿದಳು. ಎರಡೂ ಹೌದು. ದೇಹವೇ ತನ್ನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆಯಿರಬಹುದೆಂದು ರಕ್ತ ಪರೀಕ್ಷೆಗೆ ಬರೆದುಕೊಟ್ಟಳು. ಪೂರ್ತಿ ಗುಣವಾಗುವುದಿಲ್ಲ, ಹದದಲ್ಲಿಡಬಹುದು. ರೆಪ್ಪೆಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಮುಖಕ್ಕೆ ಫ್ಯಾನಿನ ಗಾಳಿ ತಾಗದಂತೆ ಎಚ್ಚರ, ತಪ್ಪದೆ ಹನಿಗಳು. ಅದೂ ಸಾಲದಿದ್ದರೆ ಕಣ್ಣಿನ ಮೂಲೆಯಲ್ಲಿ ನೀರು ಇಳಿದುಹೋಗುವ ತೂತಿಗೆ ಪುಟ್ಟ ಬಿರಡೆ ಇಡುತ್ತಾಳಂತೆ. ಹೊರಡುವಾಗ ಮೆಲ್ಲಗೆ ಹೇಳಿದಳು: “ಎಷ್ಟು ದುಃಖ ಆದ್ರೂ ನಿಮಗೆ ನೀರು ಬರಲ್ಲ ಟೀಚರ್. ಅದು ಮನಸ್ಸಿನ ತಪ್ಪಲ್ಲ.”

ಆ ಮಾತಿನ ಹೊತ್ತಿಗೆ ನೀನು ಪಕ್ಕದಲ್ಲಿರಬೇಕಾಗಿತ್ತು.

ಅಪ್ಪನನ್ನು ಕಳಿಸಿಕೊಟ್ಟ ದಿನ ನಿನ್ನ ಸೋದರತ್ತೆ ಬಾಗಿಲಲ್ಲಿ ನಿಂತು, “ನೋಡು ಇವಳನ್ನ, ಹಾಜರಿ ಕೂಗೋಳ ಹಾಗೆ ನಿಂತಿದ್ದಾಳೆ, ಕಲ್ಲು” ಎಂದದ್ದು ನನಗೂ ಕೇಳಿಸಿತು. ಕಣ್ಣುರಿಗೆಂದು ಮೊದಲಿನಿಂದಲೂ ಹಾಕುತ್ತಿದ್ದ ಹನಿಯ ಸೀಸೆ ನನ್ನ ಕೈಚೀಲದಲ್ಲೇ ಇತ್ತು. ಟೈಲರ್ ಕಿವಿಯ ಹತ್ತಿರ ಬಂದು, “ಒಳಗೆ ಹೋಗಿ ಒಂದೆರಡು ಹನಿ ಹಾಕ್ಕೊಂಡು ಬನ್ನಿ ಟೀಚರ್, ಯಾರಿಗ್ ಗೊತ್ತಾಗುತ್ತೆ” ಎಂದಳು. ನಾನು ಒಪ್ಪಲಿಲ್ಲ. ಅಂಥ ಗಂಡನ ಮುಂದೆ ಸೀಸೆಯ ನೀರನ್ನು ಕಣ್ಣೀರೆಂದು ತೋರಿಸುವುದು ನಕಲು ಹೊಡೆಯುವುದಕ್ಕಿಂತ ಕೀಳೆಂದು ನನಗನ್ನಿಸಿತು. ಈಗಲೂ ಅನ್ನಿಸುತ್ತದೆ. ಆದರೆ ಅದಕ್ಕೆ ಬೆಲೆಯಾಗಿ ನಿನ್ನನ್ನು ತೆರಬೇಕಾದೀತೆಂದು ತಿಳಿದಿರಲಿಲ್ಲ. ಚೀಲ ಹಿಡಿದು ಮೆಟ್ಟಿಲಿಳಿಯುವಾಗ ನೀನು ತಿರುಗಿ, “ಅಪ್ಪಂಗೋಸ್ಕರ ಒಂದು ಹನಿನೂ ಇಲ್ವಾ ಅಮ್ಮ ನಿನ್ನ ಹತ್ರ?” ಎಂದೆ. ಇಲ್ಲ ಮಗಳೇ, ಇರಲಿಲ್ಲ. ಕೊಡಲು ಒಲ್ಲೆನೆಂದು ನೀನು ತಿಳಿದೆ.

ನನಗೆ ದಿನವೂ ಹನಿ ಹಾಕುತ್ತಿದ್ದವರು ನಿನ್ನ ಅಪ್ಪನೇ. ಅಂಗಡಿಗೆ ಇಳಿಯುವ ಮುನ್ನ ನನ್ನನ್ನು ಕಿಟಕಿಯ ಬಳಿ ಕೂರಿಸಿ, “ತಲೆ ಎತ್ತಿ ಮೇಷ್ಟ್ರೇ. ಎಲ್ಲರನ್ನೂ ತಲೆ ತಗ್ಗಿಸಿ ಕೂರಿಸಿದ್ರಲ್ಲ, ಈಗ ಅನುಭವಿಸಿ” ಎನ್ನುತ್ತಿದ್ದರು. ಕೂದಲೆಳೆಯಷ್ಟು ಸ್ಪ್ರಿಂಗನ್ನು ಕೂರಿಸುವ ಬೆರಳುಗಳು. ಒಂದು ಹನಿಯೂ ಕೆನ್ನೆಗೆ ಬಿದ್ದದ್ದಿಲ್ಲ. ಈಗ ನಾನೇ ಹಾಕಿಕೊಂಡರೆ ಹುಬ್ಬಿಗೆ, ಮೂಗಿಗೆ, ದಿಂಬಿಗೆ. ಟೈಲರ್ ಬಂದು ಹಾಕುತ್ತಾಳೆ. ಆದರೆ ಅವಳಿಗೆ ಅವಸರ.

ರಜೆ ಸಿಕ್ಕರೆ ಬಾ. ಏನನ್ನೂ ಮಾತಾಡಬೇಕಾಗಿಲ್ಲ. ಬೆಳಿಗ್ಗೆ ಕಿಟಕಿಯ ಬಳಿ ನಿಂತು ಹನಿ ಹಾಕಿದರೆ ಸಾಕು. ನಿನಗೆ ಅಪ್ಪನ ಬೆರಳುಗಳು ಬಂದಿವೆ. ನಿಮ್ಮಿಬ್ಬರ ಬಾಳು ತಂಪಾಗಿರಲಿ, ನಿಮ್ಮ ಕಣ್ಣುಗಳು ಬೇಕಾದಾಗ ತುಂಬಿ ಬೇಕಾದಾಗ ಆರಲಿ ಎಂದು ಹರಸುತ್ತೇನೆ.

ನಿನ್ನ
ಅಮ್ಮ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಕೊನೆಯ ದಿನ ಬೆಳಿಗ್ಗೆ, ನೀನಿನ್ನೂ ದಾರಿಯಲ್ಲಿದ್ದಾಗ, ಅಪ್ಪ ಆಸ್ಪತ್ರೆಯ ಮಂಚದ ಮೇಲಿಂದಲೇ ಸೀಸೆ ಕೇಳಿದರು. “ಇವತ್ತಿಂದು ಬಾಕಿ ಇದೆ, ಬಗ್ಗಿ” ಎಂದರು. ಬಗ್ಗಿದೆ. ಅವರ ಕೈ ನಡುಗಿ ಹನಿ ರೆಪ್ಪೆಯ ಹೊರಗೆ ಬಿದ್ದು ಕೆನ್ನೆಯ ಮೇಲೆ ಇಳಿಯಿತು. ಸೀಸೆ ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ಮರೆತವರಂತೆ ನನ್ನ ಮುಖವನ್ನೇ ನೋಡಿ, “ಅಯ್ಯೋ, ಅತ್ತುಬಿಟ್ರಾ ಮೇಷ್ಟ್ರೇ, ನನಗೋಸ್ಕರ?” ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

“ಅಳು ಅಲ್ಲ ರೀ, ಔಷಧಿ. ಗುರಿ ತಪ್ತು” ಎಂದೆ. ತಪ್ಪು ಕಂಡರೆ ತಿದ್ದುವ ನಾಲಿಗೆ.

“ಹೌದಾ” ಎಂದು ಕಣ್ಣು ಮುಚ್ಚಿದರು. ಅದೇ ಅವರ ಕೊನೆಯ ಮಾತು.

ಆ ಒಂದು ಹನಿಯನ್ನು ಅವರಿಗೆ ಬಿಟ್ಟುಕೊಡಬಹುದಾಗಿತ್ತು.